ಕೂತ ಕೈಯ ಅಳತೆ

ಅಕ್ಕಲಕೋಟೆಯ ಬಡಿಗೇರ ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಸೊಲ್ಲಾಪುರದ ನನ್ನ ಕಟ್ಟಿಗೆ ಅಡ್ಡೆಯಲ್ಲಿ ಒಂದು ಹಳೆಯ ಬಾಗಿಲಿನ ವ್ಯವಹಾರ ಮಾತಾಡುತ್ತಿದ್ದೆ. ಫೋನ್ ಮಾಡಿದವರು ಅವರ ಹೆಂಡತಿ. "ತಮ್ಮಾ, ನಿಮ್ಮ ಕಾಕಾ ಹೋದ್ರಪಾ. ಮುಂಜಾನಿ ಚಹಾ ಕುಡದು ಕಪ್ಪು ಕೆಳಗಿಟ್ರು, ಅಷ್ಟಽ," ಎಂದರು. ಎದುರಿಗೆ ಗಿರಾಕಿ ನಿಂತಿದ್ದ. ಮಾತು ಮುಗಿಸಿ, ಬಾಗಿಲನ್ನು ಟೆಂಪೋಗೆ ಏರಿಸಿ, ಆಮೇಲೆ ಅಕ್ಕಲಕೋಟೆಯ ಬಸ್ಸು ಹಿಡಿದೆ. ಇದನ್ನು ಓದಿ ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ. ಕಾಕಾ ಇದ್ದಿದ್ದರೆ, ಗಿರಾಕಿಯನ್ನು ಬಿಟ್ಟು ಯಾಕೆ ಬಂದೆ ಎಂದು ನನ್ನನ್ನೇ ಬೈಯುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಾವು ಮಾಡಿದ ಯಾವ ಬಾಗಿಲ ಮೇಲೂ, ಯಾವ ತೊಟ್ಟಿಲ ಮೇಲೂ ಅವರು ಹೆಸರು ಕೆತ್ತಿದವರಲ್ಲ. ಒಮ್ಮೆ ಕೇಳಿದ್ದಕ್ಕೆ, "ಮನಿಗೆ ಬಂದವರು ಬಾಗಲದಾಗ ನಿಂತು ನನ್ನ ಹೆಸರು ಯಾಕ ಓದಬೇಕು? ಒಳಗ ಹೋಗಲಿ," ಎಂದಿದ್ದರು. ಊರಿಗೆಲ್ಲ ಅವರು ಬಡಿಗೇರ ಕಾಕಾ, ಅವರ ಹೆಂಡತಿ ಕಾಕು. ನಮಗೂ ಅಷ್ಟು ಸಾಕು.

ಹಳೆಯ ವಾಡೆ ಕೆಡವುವಲ್ಲಿ, ಮುಚ್ಚಿದ ಗಿರಣಿಯ ಚಾಳು ಕೆಡವುವಲ್ಲಿ ಮೊದಲು ಹೋಗಿ ನಿಲ್ಲುವವನು ನಾನು. ತೊಲೆ, ಚೌಕಟ್ಟು, ಕಿಟಕಿ, ಏನಿದ್ದರೂ ಕೊಳ್ಳುತ್ತೇನೆ. ಶುರುವಿನಲ್ಲಿ ಅಡ್ಡೆ ಇರಲಿಲ್ಲ, ಸೈಕಲ್ ಇತ್ತು. ಕ್ಯಾರಿಯರಿಗೆ ಒಂದು ಬಾಗಿಲ ಹಲಗೆ ಕಟ್ಟಿಕೊಂಡು ಅಕ್ಕಲಕೋಟೆಗೆ ಹೋಗಿ, ಯಾರೋ ಹೇಳಿದರೆಂದು ಕಾಕಾನ ಮುಂದೆ ಇಳಿಸಿದೆ. ಮನೆಯ ಮುಂದಿನ ತಗಡಿನ ಪತ್ರಾದ ಕೆಳಗೆ ಗೋಣಿ ಹಾಸಿಕೊಂಡು ನೆಲದ ಮೇಲೆ ಕೂತಿದ್ದರು. ನನ್ನ ಹಲಗೆಯನ್ನು ಅವರು ಕೈಯಿಂದ ಮುಟ್ಟಲಿಲ್ಲ. ಬಲಗಾಲಿನ ಹೆಬ್ಬೆರಳಿನಿಂದ ಅಂಚು ಹಿಡಿದು ತಮ್ಮ ಕಡೆ ಎಳೆದುಕೊಂಡರು, ಎಡ ಪಾದದಿಂದ ಮಗ್ಗುಲಾಗಿಸಿದರು, ಎರಡೂ ಪಾದಗಳ ನಡುವೆ ಅದನ್ನು ಒತ್ತಿ ನಿಲ್ಲಿಸಿ ಕಟ್ಟಿಗೆ ಕೀಸುವ ರಂಧಾ ಒಮ್ಮೆ ಓಡಿಸಿದರು. ಸುರುಳಿಯಾಗಿ ಎದ್ದ ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟರು.

"ಅಸ್ಸಲ್ ಸಾಗವಾನಿ ಕಾಕಾ," ಎಂದೆ.

"ಮೂಸಿ ನೋಡು. ಏನ ವಾಸನಿ ಬರತದ?"

"ಕಟ್ಟಿಗಿ ವಾಸನಿ."

"ಸಾಗವಾನಿ ಇದ್ರ ಹೊಸಾ ಚಪ್ಪಲಿ ವಾಸನಿ ಬರತದ. ಬೆರಳಿಗೆ ಎಣ್ಣಿ ಹತ್ತತದ. ನೀ ಸುಳ್ಳು ಹೇಳಿದಿ ಅನ್ನೂದಿಲ್ಲ ನಾ. ನಿನಗ ಗೊತ್ತಿಲ್ಲ. ಗೊತ್ತಿಲ್ಲದ ಮಾಲು ಮಾರಬ್ಯಾಡ ತಮ್ಮಾ."

ಓದುವವರಿಗೂ ಇದನ್ನೇ ಹೇಳುತ್ತೇನೆ. ಹಳೆಯ ಕಟ್ಟಿಗೆ ಕೊಳ್ಳುವಾಗ ಬಣ್ಣ ನೋಡಬೇಡಿ, ಮಾರುವವನ ಬಾಯಿ ಅಂತೂ ನೋಡಲೇಬೇಡಿ. ಒಂದು ಸಿಪ್ಪೆ ತೆಗೆಸಿ ಮೂಸಿರಿ. ತೆಗೆಯಲು ಬಿಡದವನ ಅಂಗಡಿಯಿಂದ ಎದ್ದು ಬನ್ನಿ.

ಅಂದಿನಿಂದ ಯಾವ ಹೊಸ ಮಾಲು ಬಂದರೂ ಒಂದು ತುಂಡು ಚೀಲಕ್ಕೆ ಹಾಕಿಕೊಂಡು ಅಕ್ಕಲಕೋಟೆಗೆ ಹೋಗುವುದು ರೂಢಿಯಾಯಿತು. ಹೋದರೆ ಮಾತಿಗೆ ಕೊರತೆ ಇರಲಿಲ್ಲ. ಗಿರಾಕಿಗಳ ಜೊತೆ ಅವರು ಮಾತಾಡುವುದನ್ನು ಕೇಳಲೆಂದೇ ಕೆಲವು ಸಲ ಕೂತಿದ್ದೇನೆ. ಮಂಗಳವೇಢೆಯ ಒಬ್ಬ ವ್ಯಾಪಾರಿ ಜೋಕಾಲಿ ಮಾಡಲು ಹೇಳಿ, ಯಾವಾಗ ಕೊಡುತ್ತೀರಿ ಎಂದು ಕೇಳಿದ.

"ನೀವು ಯಾವಾಗ ಬರ್ತೀರಿ?" ಎಂದರು ಕಾಕಾ.

"ನಾನು ದರ್ಶನಕ್ಕ ಬರೂದು ಗುರುವಾರ."

"ಹಂಗಾದ್ರ ಶುಕ್ರವಾರ ಆಗತದ ನೋಡ್ರಿ."

ಗುರುವಾರ ಗುಡಿಗೆ ಜನ ಸೇರುವ ಅಕ್ಕಲಕೋಟೆಯ ಗದ್ದಲದಲ್ಲಿ ಬರುವ ಗಿರಾಕಿಗೆ ದೇವರ ಕಡೆ ಅವಸರ, ಬಸ್ಸಿನ ಕಡೆ ಅವಸರ. ಕೆಲಸವನ್ನು ನೋಡುವಷ್ಟು ಪುರಸೊತ್ತಿಲ್ಲದವನಿಗೆ ಅವರು ಕೆಲಸ ಒಪ್ಪಿಸುತ್ತಿರಲಿಲ್ಲ. ಆ ಮನುಷ್ಯ ಶುಕ್ರವಾರವೇ ಬಂದ. ಬಂದು ಮಧ್ಯಾಹ್ನದವರೆಗೆ ಕೂತು, ಊಟ ಮಾಡಿಕೊಂಡು ಹೋದ.

ಅವರ ಹತ್ಯಾರಗಳಿಗೆ ಪೆಟ್ಟಿಗೆ ಇರಲಿಲ್ಲ. ಗೋಣಿಯ ಮೇಲೆ ಅವರ ಸುತ್ತ ಅರ್ಧ ಬಳೆಯ ಹಾಗೆ ಹರಡಿರುತ್ತಿದ್ದವು: ಬಲಗಡೆ ಉಳಿಗಳು, ತೊಡೆಯ ಪಕ್ಕ ಕೊಡತಿ, ಎಡಕ್ಕೆ ಗರಗಸ, ಬೆನ್ನ ಹಿಂದೆ ಬೈರಿಗೆ. ನೋಡದೆ ಕೈ ಚಾಚಿದರೆ ಬೇಕಾದದ್ದೇ ಕೈಗೆ ಬರುತ್ತಿತ್ತು. ಯಾರಾದರೂ ಸರಿಸಿದ್ದರೆ ಅವರು ಹತ್ಯಾರವನ್ನು ಹುಡುಕುತ್ತಿರಲಿಲ್ಲ, ತಲೆ ಎತ್ತಿ ಎದುರಿಗಿದ್ದವರ ಮುಖ ನೋಡುತ್ತಿದ್ದರು. ಸರಿಸಿದವನು ತಾನಾಗಿ ತಂದಿಡುತ್ತಿದ್ದ.

"ಮದುವಿ ಆದಾಗಿಂದ ಈ ಮನ್ಯಾಗ ಉಪ್ಪಿನ ಡಬ್ಬಿ ಎಲ್ಲದ ಅಂತ ಇವರಿಗೆ ಗೊತ್ತಿಲ್ಲ," ಎಂದು ಕಾಕು ಒಳಗಿನಿಂದ ಹೇಳುತ್ತಿದ್ದರು. "ಆ ಉಳಿ ಮಾತ್ರ ನಿದ್ದ್ಯಾಗ ಹುಡಕತಾರ."

"ಉಪ್ಪು ನೀ ಹಾಕ್ತಿ. ಉಳಿ ನೀ ಹಿಡೀತಿ ಏನು?" ಎಂದು ಕಾಕಾ.

ಮೊಣಕಾಲು ಕೈ ಕೊಟ್ಟದ್ದು ಇಂಥ ಒಳ್ಳೆಯ ದಿನಗಳಲ್ಲೇ. ಮೊದಮೊದಲು ಏಳುವಾಗ ಕಂಬ ಹಿಡಿಯುತ್ತಿದ್ದರು. ಒಂದು ದಿನ ಕಾಕು ಸೊಲ್ಲಾಪುರಕ್ಕೆ ಮದುವೆಗೆ ಹೋಗಿದ್ದರು. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದರೆ ಕಾಕಾ ಬೆಳಿಗ್ಗೆ ಕೂತಲ್ಲಿಯೇ ಕೂತಿದ್ದರು. ಕಲ್ಲಿನ ಮೇಲೆ ಉಳಿ ಮಸೆಯುತ್ತಿದ್ದರು. ಮಸೆದು ಮಸೆದು ಉಳಿಯೇ ಸವೆದಿತ್ತು. ಏಳಲು ಬಾರದೆ, ಯಾರನ್ನೂ ಕೂಗಲೊಲ್ಲದೆ, ನೀರೂ ಕುಡಿಯದೆ ಹಗಲೆಲ್ಲ ಹಾಗೇ ಕೂತಿದ್ದರು. ಕಾಕು ಎರಡೂ ಬಗಲಿಗೆ ಕೈ ಹಾಕಿ ಎತ್ತಲು ಹೋಗಿ ಇಬ್ಬರೂ ಬಿದ್ದರು. ಸೊಲ್ಲಾಪುರದ ಡಾಕ್ಟರು ಮೊಣಕಾಲಿನ ಫೋಟೋ ತೆಗೆಸಿ ನೋಡಿ, ಇನ್ನು ನೆಲಕ್ಕೆ ಕೂರುವ ಮಾತೇ ಬೇಡ ಎಂದರು.

ಕಾಕು ಅದಕ್ಕೊಂದು ಶರತ್ತು ಸೇರಿಸಿದರು. ಸುದ್ದಿ ತಿಳಿದು ನಾನು ಹೋದಾಗ ಅದನ್ನು ನನ್ನ ಮುಂದೆ, ಸಾಕ್ಷಿಗೆ ಇರಲಿ ಎಂಬಂತೆ ಹೇಳಿದರು.

"ಕೇಳು ತಮ್ಮಾ. ಖಂಡೇನವಮಿ ತನಕ ನೋಡ್ತೀನಿ. ಅಷ್ಟರಾಗ ನಿಂತು ಒಂದು ಕೆಲಸ ಪೂರಾ ಮುಗಿಸಿದ್ರ ಹತ್ಯಾರಕ್ಕ ಕುಂಕುಮ ಹಚ್ತೀನಿ. ಇಲ್ಲಾಂದ್ರ ಹಳೇ ಕಬ್ಬಿಣ ಒಯ್ಯೂ ಭಂಗಾರದಂವನ ಗಾಡಿಗೆ ಹಾಕ್ತೀನಿ. ನೆಲದ ಮ್ಯಾಲೆ ಸತ್ತಾಂವನಂಗ ಕೂತ ಗಂಡನ್ನ ಇನ್ನೊಮ್ಮೆ ನೋಡಾಕ ನನ್ನ ಕಡಿಂದ ಆಗೂದಿಲ್ಲ."

ಖಂಡೇನವಮಿಗೆ ಹತ್ಯಾರಕ್ಕೆ ಪೂಜೆ ಇಲ್ಲದ ಬಡಿಗೇರನ ಮನೆಯೆಂದರೆ ಏನರ್ಥ ಎಂದು ಇಬ್ಬರಿಗೂ ಗೊತ್ತಿತ್ತು. ಕಾಕು ಬಾಯಿಮಾತಿಗೆ ಹೇಳುವವರಲ್ಲ ಎಂಬುದು ನನಗೂ ಗೊತ್ತಿತ್ತು.

ಸಲಹೆ ಕೊಡುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ನಿಂತು ಕೆಲಸ ಮಾಡಲು ಎತ್ತರದ ಮೇಜು ಬೇಕು, ಕಟ್ಟಿಗೆ ಹಿಡಿಯಲು ಕಬ್ಬಿಣದ ಶಿಕಂಜಾ ಬೇಕು, ಹತ್ಯಾರ ನೆಲದಿಂದ ಮೇಲೆ ಬರಬೇಕೆಂದರೆ ಕಪಾಟು ಬೇಕು ಎಂದೆ. ಮೇಜಿಗೆ ಗಿರಣಿಯ ತೊಲೆ ಕೊಟ್ಟೆ. ಶಿಕಂಜಾ ಹಳೆ ಸಾಮಾನಿನ ಜುನೇ ಬಜಾರಿನಲ್ಲಿ ಹಿಡಿದೆ. ಕಪಾಟಿಗೆಂದು, ಕೆಡವಿದ ಒಂದು ವಾಡೆಯ ದೇವರ ಕೋಣೆಯ ಬಾಗಿಲನ್ನು ತಂದೆ. ಅಷ್ಟು ಹಳೆಯ, ಅಷ್ಟು ಒಣಗಿದ ಸಾಗವಾನಿ ಮತ್ತೆ ನನ್ನ ಅಡ್ಡೆಗೆ ಬಂದಿಲ್ಲ. ಕಾಕಾ ಸಿಪ್ಪೆ ತೆಗೆದು ಮೂಸಿ, ಮೊದಲ ಸಲ ನನಗೆ, "ಈಗ ಕಲ್ತಿ," ಎಂದರು.

ಯಾವ ಹತ್ಯಾರ ಕಪಾಟಿನಲ್ಲಿ ಎಲ್ಲಿರಬೇಕು? ಇದಕ್ಕೆ ಅವರು ಟೇಪು ಹಿಡಿಯಲಿಲ್ಲ. ಹಲಗೆಗಳನ್ನು ಗೋಡೆಗೆ ಒರಗಿಸಿ, "ಅಳತಿ ಸಲುವಾಗಿ ಒಂದಽ ಸಲ," ಎಂದು ಕಾಕುವನ್ನು ಒಪ್ಪಿಸಿ, ನನ್ನ ಹೆಗಲು ಹಿಡಿದು ಮೆಲ್ಲಗೆ ಗೋಣಿಯ ಮೇಲೆ ಕೂತರು. ಕಣ್ಣು ಮುಚ್ಚಿದರು. ಕಾಕು ಸುಣ್ಣದ ಕಡ್ಡಿ ಹಿಡಿದು ಪಕ್ಕಕ್ಕೆ ನಿಂತರು.

"ಅಗಲ ಉಳಿ," ಎಂದು ಕಾಕಾ ಕೈ ಚಾಚಿದರು. ಬೆರಳು ಹಲಗೆಗೆ ತಾಗಿದಲ್ಲಿ ಕಾಕು ಗುರುತು ಹಾಕಿದರು.

"ಸಣ್ಣ ಉಳಿ."

"ಇಲ್ಲೆ ಬಂತು. ಎರಡೂ ಒತ್ತಾಗ್ತಾವಲ್ಲ?"

"ಕೈ ಸುಳ್ಳು ಹೇಳೂದಿಲ್ಲ. ಬರಿ."

"ಕೊಡತಿ," ಎಂದು ಕಾಕಾ ಮತ್ತೆ ಕೈ ಚಾಚಿದರು.

"ತಡೀರಿ, ತೊಡಿ ಕೆಳಗ ಹೋಗಬ್ಯಾಡ್ರಿ. ಹಾಂ, ಇಲ್ಲಿ."

ಮಧ್ಯಾಹ್ನವೆಲ್ಲ ಹೀಗೇ ನಡೆಯಿತು. ಅವರು ಕಣ್ಣು ಮುಚ್ಚಿ ಒಂದೊಂದನ್ನೇ ಹೆಸರು ಹಿಡಿದು ಕರೆಯುವುದು, ಇವರು ಬಿಳಿ ಚುಕ್ಕೆ ಇಡುವುದು. ಕೊನೆಗೆ ಹಲಗೆ ತುಂಬ ರಂಗೋಲಿಗೆ ಚುಕ್ಕೆ ಇಟ್ಟಂತೆ ಕಾಣುತ್ತಿತ್ತು. ನಾನು ಚಹಾ ಕುಡಿಯುತ್ತ ಮೆಚ್ಚಿ ನೋಡುತ್ತಿದ್ದೆ.

ಕಪಾಟು ಕಟ್ಟಲು ವಾರಗಳೇ ಹಿಡಿದವು. ಹೊರಸಿನ ಅಂಚಿಗೆ ಕೂತು, ಎದುರಿಗೆ ಇನ್ನೊಂದು ಹೊರಸು ಇಟ್ಟುಕೊಂಡು ಸಣ್ಣ ಸಣ್ಣ ತುಂಡುಗಳನ್ನು ಕೊಯ್ದರು. ಮೊಳೆ ಒಂದೂ ಇಲ್ಲ, ತುಂಡಿಗೆ ತುಂಡು ಕಚ್ಚಿಸಿ ಬಿದಿರಿನ ಬೆಣೆ ಹೊಡೆದದ್ದು. ಎರಡು ಬಾಗಿಲುಗಳೂ ಬರಿಯ ಹಲಗೆಗಳಲ್ಲ, ಒಳಗೆ ಆಳವಿರುವ ಡಬ್ಬಿಗಳಂತೆ. ಎಡ ಬಾಗಿಲಿನ ಹೊಟ್ಟೆಯಲ್ಲಿ ಗರಗಸಗಳು, ಬಲ ಬಾಗಿಲಿನಲ್ಲಿ ಬೈರಿಗೆ, ಕಂಪಾಸು, ಮೂಲೆ ನೋಡುವ ಗುಣ್ಯಾ. ನಡುವೆ ಉಳಿಗಳು ಸಾಲಾಗಿ, ಹಿಡಿ ಮೇಲೆ, ಬಾಯಿ ಸೀಳಿನೊಳಗೆ. ತಳದಲ್ಲಿ ಇಳಿಜಾರಾದ ಖಾನೆ, ಅದರಲ್ಲಿ ರಂಧಾಗಳು ತಮ್ಮ ಅಲಗು ಯಾವುದಕ್ಕೂ ತಾಗದಂತೆ ಒರಗಿ ಮಲಗಿದ್ದವು. ಹತ್ಯಾರದ ಕಪಾಟು ಮಾಡಿಸುವವರು ಗಮನಿಸಬೇಕು: ಭಾರದ್ದು ಕೆಳಗೆ, ದಿನಾ ಬೇಕಾದದ್ದು ನಡುವೆ, ಒಂದು ತೆಗೆದರೆ ಇನ್ನೊಂದು ಬೀಳಬಾರದು. ಕಾಕಾನ ಕಪಾಟಿನಲ್ಲಿ ಒಂದು ಉಳಿ ಇಲ್ಲದಿದ್ದರೂ ಬಾಯಲ್ಲಿ ಹಲ್ಲು ಬಿದ್ದಂತೆ ದೂರದಿಂದಲೇ ಕಾಣುತ್ತಿತ್ತು.

ಎಲ್ಲ ಹತ್ಯಾರ ತೂಗುಹಾಕಿದ ದಿನ ನನ್ನನ್ನು ಕರೆಸಿದರು. ಕಪಾಟನ್ನು ಹೊಸ ಮೇಜಿನ ಪಕ್ಕ ನೆಲದ ಮೇಲೆ ಗೋಡೆಗೆ ಹೊಂದಿಸಿ ಇಟ್ಟಿದ್ದರು. ಕಾಕಾ ಮೇಜಿನ ಮುಂದೆ ನಿಂತು ಕಣ್ಣು ಮುಚ್ಚಿ ಬಲಗೈ ಚಾಚಿದರು. ಕೈಗೆ ಗಾಳಿ ಸಿಕ್ಕಿತು. ಇನ್ನೊಮ್ಮೆ ಚಾಚಿದರು. ಮತ್ತೆ ಗಾಳಿ. ಕಣ್ಣು ತೆರೆದು ನೋಡಿದರೆ ಉಳಿಗಳೆಲ್ಲ ಅವರ ಮೊಣಕಾಲಿನ ಹತ್ತಿರ ಸಾಲಾಗಿ ನಿಂತಿದ್ದವು.

ಕೂತು ಹಿಡಿದ ಅಳತೆ. ನಿಂತವನಿಗೆ ಹೇಗೆ ಹೊಂದಬೇಕು? ಅಷ್ಟು ಹೊತ್ತು ಅಳೆದ ಅವರಿಗಾಗಲಿ, ಚುಕ್ಕೆ ಇಟ್ಟ ಕಾಕುವಿಗಾಗಲಿ, ಬಾಗಿಲ ಎತ್ತರವನ್ನು ಕಣ್ಣಿನಿಂದಲೇ ಹೇಳುವ ನನಗಾಗಲಿ ಅದು ಹೊಳೆದಿರಲಿಲ್ಲ. ಜೀವಮಾನವೆಲ್ಲ ಕೂತು ಕೆಲಸ ಮಾಡಿದವರ ಮನೆಯಲ್ಲಿ ಕೈಯ ಅಳತೆ ಎಂದರೆ ಕೂತ ಕೈಯ ಅಳತೆಯೇ.

ಕಾಕುವಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟರು. "ಯಾರ ಸಲುವಾಗಿ ಮಾಡೀರಿ ಇದನ್ನ?"

"ಮೊದಲಿದ್ದಾಂವನ ಸಲುವಾಗಿ," ಎಂದರು ಕಾಕಾ.

ಅದಾದ ಮೇಲೆ ಯಾರೂ ನಗಲಿಲ್ಲ.

ಗೋಡೆಗೆ ಎತ್ತಿ ತೂಗುಹಾಕೋಣ ಎಂದೆ. ಮಣ್ಣಿನ ಗೋಡೆ, ಅಷ್ಟು ಭಾರ ತಡೆಯುತ್ತಿರಲಿಲ್ಲ. ಕೊನೆಗೆ ಕಾಕಾ ಜಾಲಿಯ ಕಾಲು ಮಾಡಿ ಕಪಾಟನ್ನು ಎತ್ತಿ ನಿಲ್ಲಿಸಿದರು. ಹತ್ಯಾರ ಕೈಗೆ ಬಂದವು, ಆದರೆ ಕೆಲಸ ಕೈಗೆ ಹತ್ತಲಿಲ್ಲ. ಭಂಡಾರಕವಠೆಯ ರೈತರೊಬ್ಬರು ಹೊಸ ಮನೆಗೆ ತಲೆಬಾಗಿಲು ಮಾಡಲು ಹೇಳಿದ್ದರು. ಶರತ್ತಿನ ಕೆಲಸ ಅದೇ. ಹಲಗೆಯನ್ನು ಶಿಕಂಜಾದಲ್ಲಿ ಬಿಗಿದರೆ ಕಟ್ಟಿಗೆಯ ಮೈಮೇಲೆ ಕಚ್ಚಿದ ಗಾಯ, ಸಡಿಲ ಬಿಟ್ಟರೆ ಹಲಗೆ ಓಡುತ್ತಿತ್ತು. ಗರಗಸ ಗೆರೆ ಬಿಡುತ್ತಿತ್ತು.

"ಈ ಕಬ್ಬಿಣಕ್ಕ ಎಷ್ಟು ಹಿಡೀಬೇಕು ಅನ್ನೂದು ತಿಳಿಯೂದಿಲ್ಲ," ಎಂದರು ಕಾಕಾ. "ಪಾದಕ್ಕ ತಿಳೀತಿತ್ತು. ಗರಗಸ ಅಡ್ಡ ಹೊಂಟ್ರ ಮೊದಲು ಹಿಮ್ಮಡಿಗೆ ಗೊತ್ತಾಗ್ತಿತ್ತು. ಈಗ ಪಾದ ಎರಡೂ ಕೆಳಗ ಸುಮ್ಮ ನಿಂತಾವ."

ನವರಾತ್ರಿಯ ಘಟಸ್ಥಾಪನೆ ಆಯಿತು. ದೇವರ ಮುಂದಿನ ಮಣ್ಣಿನಲ್ಲಿ ಜೋಳದ ಸಸಿ ಮೇಲೆದ್ದವು. ಬಾಗಿಲು ಅರ್ಧಕ್ಕೂ ಬಂದಿರಲಿಲ್ಲ. ನಾನು ಹೋದಾಗ ಕಾಕಾ ಕಪಾಟಿಗೆ ಬೆನ್ನು ಮಾಡಿ ಹೊರಸಿನ ಮೇಲೆ ಮಲಗಿದ್ದರು. "ಶಿಕಂಜಾ ಒಯ್ಯಪಾ ತಮ್ಮಾ. ಉಪಯೋಗ ಆಗಲಿಲ್ಲ. ಕಪಾಟಿಗೂ ಒಂದು ಗಿರಾಕಿ ನೋಡು," ಎಂದರು. ಅಂಥ ಕಪಾಟನ್ನು ಪುಣೆಯವರು ನೋಡಿದರೆ ಚೌಕಾಸಿ ಮಾಡದೆ ಎತ್ತಿಕೊಂಡು ಹೋಗುತ್ತಾರೆ ಎಂದು ನನಗೆ ಗೊತ್ತಿತ್ತು. ಬಾಯಿ ತೆರೆಯುವ ಮೊದಲೇ ಕಾಕು ಅಡುಗೆಮನೆಯಿಂದ ಬಂದರು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

"ರೊಟ್ಟಿ ನಾ ಮೊದಲು ಎಲ್ಲಿ ಬಡೀತಿದ್ದೆ?" ಎಂದು ಗಂಡನನ್ನು ಕೇಳಿದರು.

"ಒಲಿ ಮುಂದ."

"ಕೂತೋ, ನಿಂತೋ?"

"ಕೂತು."

"ಗ್ಯಾಸು ಬಂತು. ನೀವು ಕಲ್ಲಿನ ಕಟ್ಟಿ ಕಟ್ಟಿಸಿದ್ರಿ. ನಿಂತು ಬಡಿ ಅಂದ್ರಿ. ಬಂತೇನು ನನಗ? ತಿಂಗಳಗಟ್ಟಲೆ ಹರದ ರೊಟ್ಟಿ ತಿಂದ್ರಿ ನೀವು. ಮರತೀರಿ?"

"ತಿಂದೆ. ಏನರೆ ಅಂದೆ ಏನು ನಾ?"

"ಅನ್ನಲಿಲ್ಲ. ಅದಕ್ಕಽ ಬಡಿಯೂದು ಬಿಡಲಿಲ್ಲ ನಾ. ಕಟ್ಟಿ ಅಳತಿ ಯಾರದು ಹಿಡದ್ರಿ? ನಿಮ್ಮದು. ಇಂದಿಗೂ ಹಿಮ್ಮಡಿ ಎತ್ತಿ ನಿಂತು ಬಡೀತೀನಿ."

ಕಾಕಾ ಎದ್ದು ಕೂತು ಹೆಂಡತಿಯ ಪಾದಗಳನ್ನು ನೋಡಿದರು. ಇಷ್ಟು ವರ್ಷ ನೋಡಿರಲಿಲ್ಲವೇನೋ. "ಹೇಳಬಾರದಿತ್ತೇನು?"

"ಹೇಳಿದ್ರ ರೊಟ್ಟಿ ತಾನಽ ಆಗತಿದ್ವು ಏನು? ಏಳ್ರಿ."

ಒಳಗೆ ಹೋಗಿ ಕೈ ತೊಳೆದು, ತೊಗರಿಬೇಳೆಯ ಮೊರ ಹಿಡಿದು ಬಂದರು. ಶಿಕಂಜಾ ಬಿಚ್ಚಲು ನನಗೆ ಹೇಳಿದರು. ಬಾಗಿಲ ಹಲಗೆಯನ್ನು ಮೇಜಿನ ಮೇಲೆ ಅಡ್ಡ ಇಡಿಸಿದರು. ಸ್ಟೂಲಿನ ಮೇಲೆ ಕಾಲಿಟ್ಟು ಮೇಜು ಏರಿ, ಹಲಗೆಯ ಒಂದು ತುದಿಯ ಮೇಲೆ ಕಾಲು ಮಡಚಿ ಕೂತುಬಿಟ್ಟರು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೇಳೆಯ ಹರಳು ಆರಿಸತೊಡಗಿದರು.

"ಕೊಯ್ರಿ."

"ಏ, ಇಳಿ. ಜನ ನೋಡ್ತಾರ."

"ಜನ ಗುರುವಾರ ಬರ್ತಾರ. ಇವತ್ತು ಮಂಗಳವಾರ."

ಕಾಕಾ ನನ್ನ ಕಡೆ ನೋಡಿದರು. ಇಂಥ ಕಡೆ ಮೂರನೆಯವನು ಬಾಯಿ ಹಾಕಬಾರದು, ಇದೂ ಒಂದು ಸಲಹೆ ಎಂದು ಬರೆದಿಟ್ಟುಕೊಳ್ಳಿ. ಅವರು ಗರಗಸ ತೆಗೆದು ಗೆರೆಯ ಮೇಲಿಟ್ಟರು. ಹಲಗೆ ಅಲುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾಕು ಬೇಳೆಯಿಂದ ತಲೆ ಎತ್ತದೆಯೇ, "ಹಾದಿ ಬಿಟ್ಟೀರಿ ನೋಡ್ರಿ," ಎಂದರು.

ಕಾಕಾ ಬಗ್ಗಿ ನೋಡಿದರು. ಗರಗಸ ಕೂದಲೆಳೆಯಷ್ಟು ಆಚೆ ಹೋಗಿತ್ತು. "ನಿನಗ ಹೆಂಗ ತಿಳೀತು?"

"ಕೂತಲ್ಲಿ ತಿಳೀತದ. ನಡುಕು ಬ್ಯಾರೆ ಆತು."

ಅಂದಿನಿಂದ ನವರಾತ್ರಿ ಮುಗಿಯುವ ತನಕ ಆ ಪತ್ರಾದ ಕೆಳಗೆ ಇದೇ ನೋಟ. ಬೇಳೆ ಆರಿಸುವುದು, ಬತ್ತಿ ಹೊಸೆಯುವುದು, ಬೆಳ್ಳುಳ್ಳಿ ಬಿಡಿಸುವುದು ಎಲ್ಲ ಹಲಗೆಯ ಮೇಲೆಯೇ. ಎಡಕ್ಕೆ ಸರಿ, ಬಲಕ್ಕೆ ಸರಿ, ಏಳು, ಕೂಡು. ಬೈಗುಳವೂ ಇತ್ತು. ಕಾಕಾ ಕಪಾಟಿಗೆ ಕೈ ಚಾಚಿ ತಪ್ಪಿದಾಗಲೆಲ್ಲ ಕಾಕು, "ಇನ್ನೂ ಸ್ವಲ್ಪ ಮ್ಯಾಲೆ," ಎಂದು ಹೇಳಿಕೊಡುತ್ತಿದ್ದರು. ಅಷ್ಟಮಿಯ ದಿನ ಬಾಗಿಲು ಮುಗಿಯಿತು.

ಖಂಡೇನವಮಿಗೆ ನಾನು ಬೇಕೆಂದೇ ಹೋದೆ. ಕಪಾಟಿನ ಎರಡೂ ಬಾಗಿಲು ತೆರೆದಿದ್ದವು, ಚೆಂಡುಹೂವಿನ ಸರ ಹಾಕಿತ್ತು. ಕಾಕಾ ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡು ಅದರ ಪಕ್ಕ ನಿಂತಿದ್ದರು. ಮುಖದಲ್ಲಿ ಕಳೆ ಇರಲಿಲ್ಲ. ಕಾಕು ಅರಿಶಿನ ಕುಂಕುಮದ ತಟ್ಟೆ ತಂದರು. ಕಾಕಾ ಕೈ ಅಡ್ಡ ಹಿಡಿದರು.

"ತಡಿ. ಇವನೂ ಸಾಕ್ಷಿ ಇದ್ದಾನ, ಖರೆ ಹೇಳ್ತೀನಿ. ಬಾಗಲಾ ಮುಗದದ, ಆದ್ರ ನಾ ಮುಗಿಸಿಲ್ಲ. ಅರ್ಧಾ ಕೆಲಸ ನೀ ಮಾಡೀದಿ. ಶರತ್ತು ಸೋತೀನಿ. ಭಂಗಾರದಂವಗ ಕೊಡೂದಿದ್ರ ಕುಂಕುಮ ಹಚ್ಚಬ್ಯಾಡ. ಪೂಜಿ ಆದ ಹತ್ಯಾರ ಮಾರಬಾರದು."

ಕಾಕು ತಟ್ಟೆಯನ್ನು ಕೆಳಗಿಡಲಿಲ್ಲ. "ಶರತ್ತು ಏನಿತ್ತು ತಮ್ಮಾ, ಹೇಳು."

"ಖಂಡೇನವಮಿ ಒಳಗ ನಿಂತು ಒಂದು ಕೆಲಸ ಪೂರಾ ಮುಗಿಸೂದು," ಎಂದೆ.

"ನಿಂತಿದ್ರೋ ಇಲ್ಲೋ ಇವರು?"

"ನಿಂತಿದ್ರು."

"ಒಬ್ಬರಽ ಮಾಡಬೇಕಂತ ನಾ ಅಂದೀನಿ ಏನು?"

"ಇಲ್ಲ ಕಾಕು."

"ಮತ್ತ? ಕೈ ತೆಗೀರಿ."

ನಾನು ಬದುಕಿದ್ದೇ ಚೌಕಾಸಿಯಿಂದ. ಆಡಿದ ಮಾತನ್ನು ಒಂದಕ್ಷರ ಬದಲಿಸದೆ, ಎದುರಿನವನನ್ನು ಸೋಲಿಸದೆ, ಹೀಗೆ ವ್ಯವಹಾರ ಮುಗಿಸಿದವರನ್ನು ನಾನು ನೋಡಿರಲಿಲ್ಲ. ಕಾಕಾ ಕೈ ತೆಗೆದರು. ಕಾಕು ಮೇಲಿನ ಸಾಲಿನಿಂದ ಒಂದೊಂದಕ್ಕೇ ಕುಂಕುಮ ಹಚ್ಚುತ್ತ ಬಂದರು. ಯಾವುದನ್ನೂ ಹುಡುಕಬೇಕಾಗಲಿಲ್ಲ. ಪ್ರತಿಯೊಂದರ ಜಾಗವೂ ಅವರೇ ಚುಕ್ಕೆ ಇಟ್ಟದ್ದಲ್ಲವೇ? ಕಾಕಾ ಗೋಡೆಯ ಕಡೆ ತಿರುಗಿ ಕಪಾಟಿನ ಅಂಚಿನಲ್ಲಿ ಇಲ್ಲದ ಧೂಳನ್ನು ಒರೆಸುತ್ತಿದ್ದರು.

ಆಮೇಲೆ ಕಾಕಾ ಕೆಲವು ವರ್ಷ ಕೆಲಸ ಮಾಡಿದರು. ಆ ಕಾಲದ ಬಾಗಿಲುಗಳು ಅಕ್ಕಲಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಹೊಸವುಗಳಂತೆ ಮುಚ್ಚುತ್ತವೆ, ತೆರೆಯುತ್ತವೆ. ಅವರನ್ನು ನೆನೆದಾಗ ನನಗೆ ಮೊದಲು ಕಣ್ಣಿಗೆ ಬರುವುದು ಆ ಖಂಡೇನವಮಿಯ ಮರುದಿನ. ಬನ್ನಿ ಕೊಡಲೆಂದು ಸಂಜೆ ಮುಂದೆ ಹೋಗಿದ್ದೆ. ದಸರೆಯ ದಿನವೂ ಕೆಲಸ ಹೂಡಿದ್ದರು, ಯಾರದೋ ಕಿಟಕಿ. ಕಾಕಾ ಗರಗಸ ಹಿಡಿದುಕೊಂಡೇ ಎಡಗೈಯಿಂದ ನನ್ನ ಬನ್ನಿ ತೆಗೆದುಕೊಂಡರು. ಮೇಜಿನ ಮೇಲೆ ಹೊಸ ಸೀರೆ ಉಟ್ಟುಕೊಂಡು ಕಾಕು ಕೂತಿದ್ದರು, ತೊಡೆಯ ಮೇಲೆ ಮೊರದ ತುಂಬ ಬೇಳೆ.

"ಸ್ವಲ್ಪ ಹಿಂದ ಸರಿ," ಎಂದರು ಕಾಕಾ.

"ಕೂಡೂಕಿಂತ ಮೊದಲು ಹೇಳಬೇಕಿತ್ತು. ಈಗ ಬ್ಯಾಳಿ ಚೆಲ್ಲತಾವ," ಎಂದು ಕಾಕು ಹಿಂದೆ ಸರಿದರು.